ಮನೆ ಒಂದೂರು, ಕೂಲಿ ಇನ್ನೊಂದೂರು



ಬಡವರ ಮನೆಯ ಬಗ್ಗೆ ಮಾತಾಡುವವರು ಸಾಮಾನ್ಯವಾಗಿ ಒಂದು ದೊಡ್ಡ ಸಂಖ್ಯೆಯಿಂದ ಶುರು ಮಾಡುತ್ತಾರೆ. ಇಷ್ಟು ಕೋಟಿ ಮನೆ ಕೊರತೆ, ಇಷ್ಟು ಲಕ್ಷ ಮನೆ ಮಂಜೂರು, ಇಷ್ಟು ಪೂರ್ಣ. ನಾನೂ ಅಲ್ಲಿಂದಲೇ ಶುರು ಮಾಡುತ್ತೇನೆ. ಆದರೆ ಆ ಸಂಖ್ಯೆಯೊಳಗೆ ಯಾರು ಯಾರು ಇದ್ದಾರೆ ಎಂದು ಸ್ವಲ್ಪ ನಿಧಾನವಾಗಿ ನೋಡೋಣ.

2012ರಲ್ಲಿ ಕೇಂದ್ರ ಸರ್ಕಾರದ ತಜ್ಞರ ತಂಡವೊಂದು ನಮ್ಮ ದೇಶದ ಪಟ್ಟಣಗಳಲ್ಲಿ ಸುಮಾರು 1 ಕೋಟಿ 88 ಲಕ್ಷ ಮನೆಗಳ ಕೊರತೆ ಇದೆ ಎಂದು ಲೆಕ್ಕ ಹಾಕಿತು. ಕೇಳಿದವರ ಕಣ್ಣೆದುರು ಬೀದಿಯಲ್ಲಿ ಮಲಗುವ ಜನ ಬರುತ್ತಾರೆ. ಆದರೆ ಆ ಲೆಕ್ಕದಲ್ಲಿ ಸೂರೇ ಇಲ್ಲದ ಕುಟುಂಬಗಳು 5 ಲಕ್ಷ 30 ಸಾವಿರ ಮಾತ್ರ. ಸುಮಾರು ಒಂದೂವರೆ ಕೋಟಿ ಕುಟುಂಬಗಳು ಸೂರಿನ ಕೆಳಗೇ ಇದ್ದವು, ಒತ್ತೊತ್ತಾಗಿ ಇದ್ದವು. ಮಗನ ಮದುವೆಯಾಗಿದೆ, ಸೊಸೆ ಬಂದಿದ್ದಾಳೆ, ಮಲಗಲು ಇರುವುದು ಅದೇ ಒಂದು ಕೋಣೆ. ಅತ್ತೆ ಮಾವ ಕಟ್ಟೆಯ ಮೇಲೆ, ಮಕ್ಕಳು ಒಲೆಯ ಪಕ್ಕ. ಕೊರತೆ ಎಂದರೆ ಹೆಚ್ಚುಪಾಲು ಇದು. ಇನ್ನೊಂದು ಮಾತು ಕೇಳಿ. 2011ರ ಜನಗಣತಿಯವರು ಅವೇ ಪಟ್ಟಣಗಳಲ್ಲಿ ಸುಮಾರು 1 ಕೋಟಿ 11 ಲಕ್ಷ ಖಾಲಿ ಮನೆಗಳನ್ನು ಎಣಿಸಿದ್ದರು. ಒಂದು ಕಡೆ ಬೀಗ, ಇನ್ನೊಂದು ಕಡೆ ನೂಕುನುಗ್ಗಲು. ಹಾಗಾದರೆ ಇಟ್ಟಿಗೆ ಸಿಮೆಂಟು ಸಾಲದೆ ಹುಟ್ಟಿದ ತೊಂದರೆ ಇದು ಎಂದು ಹೇಗೆ ಹೇಳುವುದು?

ನಾನು ತಾಲ್ಲೂಕು ಪಂಚಾಯಿತಿಯಲ್ಲಿ ವಸತಿ ಯೋಜನೆಗಳ ಕಡತ ನೋಡಿಕೊಂಡು ನಿವೃತ್ತನಾದವನು. ಅರ್ಥಶಾಸ್ತ್ರಜ್ಞನಲ್ಲ. ಕಡತಗಳ ನಡುವೆ ಕೂತು ನನಗೆ ಗಟ್ಟಿಯಾದ ಮಾತು ಒಂದೇ: ಸರ್ಕಾರ ಮನೆ ಕಟ್ಟಿಕೊಡುವ ಉಮೇದಿನಲ್ಲಿ ನೆಲದ ಪ್ರಶ್ನೆಯನ್ನು ಮುಂದೂಡುತ್ತ ಬಂದಿದೆ. ಕೂಲಿಗೆ ಹತ್ತಿರದ ನೆಲ, ಆ ನೆಲಕ್ಕೆ ಒಂದು ಕಾಗದ, ಕಟ್ಟುವ ಹೊತ್ತಿಗೆ ಕೈಯಲ್ಲಿ ಸ್ವಲ್ಪ ದುಡ್ಡು. ಇಷ್ಟಾದರೆ ನಮ್ಮ ಜನ ಯಾರನ್ನೂ ಕಾಯದೆ ಮನೆ ಕಟ್ಟಿಕೊಳ್ಳುತ್ತಾರೆ. ಇವುಗಳಲ್ಲಿ ಯಾವುದನ್ನು ಸರ್ಕಾರವೇ ಮಾಡಬೇಕು, ಯಾವುದನ್ನು ಊರು ಮಾಡಬೇಕು ಎಂಬುದೇ ಇವತ್ತಿನ ವಿಷಯ.

ಹಿಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ, ಇಲ್ಲಿರುವ ಹಿರಿಯರಿಗೆ ಅದು ನನಗಿಂತ ಚೆನ್ನಾಗಿ ಗೊತ್ತು. ಕರ್ನಾಟಕ ಗೃಹ ಮಂಡಳಿ 1962ರದ್ದು. ದೇವರಾಜ ಅರಸರ ಕಾಲದಲ್ಲಿ ಜನತಾ ಮನೆಗಳು ಬಂದವು. ಜನತಾ ಕಾಲೊನಿ, ಜನತಾ ಪ್ಲಾಟು ಎಂಬ ಹೆಸರುಗಳು ಇವತ್ತಿಗೂ ಊರೂರಲ್ಲಿ ಉಳಿದಿವೆ. ಕೊಳಗೇರಿ ಕಾಯ್ದೆ 1973ರದ್ದು. ಬಂಗಾರಪ್ಪನವರ ಸರ್ಕಾರದಲ್ಲಿ, 1991–92ರಲ್ಲಿ, ಆಶ್ರಯ ಯೋಜನೆ ಶುರುವಾಯಿತು. 2000ದಲ್ಲಿ ರಾಜೀವ್ ಗಾಂಧಿ ವಸತಿ ನಿಗಮ ಹುಟ್ಟಿತು. ಆಮೇಲೆ ಬಸವ, ಅಂಬೇಡ್ಕರ್, ದೇವರಾಜ ಅರಸು ಹೆಸರಿನ ಯೋಜನೆಗಳು, ಕೇಂದ್ರದ ಆವಾಸ್ ಯೋಜನೆ. ಸರ್ಕಾರ ಬದಲಾದಾಗ ಹೆಸರು ಬದಲಾಗಿದೆ. ಜನರ ಬಾಯಲ್ಲಿ ಮಾತ್ರ ಎಲ್ಲವೂ ‘ಆಶ್ರಯ ಮನಿ’ಯೇ.

ಈ ಎಲ್ಲ ಯೋಜನೆಗಳಲ್ಲಿ ಮೆಚ್ಚಬೇಕಾದದ್ದು ಇದೆ. ನಮ್ಮ ರಾಜ್ಯದ ಯೋಜನೆಗಳಲ್ಲಿ ಮನೆ ಸಾಮಾನ್ಯವಾಗಿ ಹೆಣ್ಣುಮಗಳ ಹೆಸರಿಗೆ ಮಂಜೂರಾಗುತ್ತದೆ. ಗಂಡ ಕುಡಿದು ಬಂದು ಹೊರಗೆ ಹೋಗು ಎಂದಾಗ ಹೋಗಬೇಕಾದವನು ಅವನೇ ಎಂದು ಹೇಳುವ ಧೈರ್ಯ ಆ ಒಂದು ಹಾಳೆಯಿಂದ ಬಂದದ್ದನ್ನು ನಾನು ಕಂಡಿದ್ದೇನೆ. ಇನ್ನು ಮಂಡಳಿಯೋ ಗುತ್ತಿಗೆದಾರನೋ ಕಟ್ಟಿಕೊಡುವ ಬದಲು ಫಲಾನುಭವಿಯೇ ಕಟ್ಟಿಕೊಳ್ಳಲಿ, ಸರ್ಕಾರ ಕಂತಿನಲ್ಲಿ ಹಣ ಕೊಡಲಿ ಎಂಬ ಕ್ರಮ. ಹಳ್ಳಿಗಳ ಮಟ್ಟಿಗೆ ಅದು ಸರಿಯಾದ ದಾರಿ. ಆದರೆ ಇದಕ್ಕೆಲ್ಲ ಒಂದು ಷರತ್ತಿದೆ: ಮೊದಲು ನಿಮಗೊಂದು ನಿವೇಶನ ಇರಬೇಕು, ಅದು ನಿಮ್ಮದೇ ಎನ್ನುವ ಕಾಗದ ಇರಬೇಕು. ಇಲ್ಲಿ ತೀರಾ ಬಡವರು ಹೊರಗೆ ಉಳಿಯುತ್ತಾರೆ. ನಿವೇಶನ ಇದ್ದವನಿಗೆ ಮನೆ ಸಿಗುತ್ತದೆ. ನಿವೇಶನವೂ ಇಲ್ಲದವನ ಹೆಸರು ಇನ್ನೊಂದು ಪಟ್ಟಿಯಲ್ಲಿ ವರ್ಷಗಟ್ಟಲೆ ಕೂರುತ್ತದೆ.

ತಾಂಡಾಗಳ ಕಥೆ ಇದಕ್ಕೆ ಒಳ್ಳೆಯ ಸಾಕ್ಷಿ. ಲಂಬಾಣಿ ತಾಂಡಾ, ಗೊಲ್ಲರಹಟ್ಟಿ, ಹಾಡಿಗಳಲ್ಲಿ ಮೂರು ತಲೆಮಾರಿನಿಂದ ಮನೆ ಕಟ್ಟಿಕೊಂಡು ಕೂತವರಿದ್ದಾರೆ. ನೆಲ ಖಾಸಗಿಯವರದ್ದೋ ಸರ್ಕಾರದ್ದೋ. ಕಂದಾಯ ದಾಖಲೆಯಲ್ಲಿ ಅಲ್ಲಿ ಊರೇ ಇಲ್ಲ. ಊರಿಲ್ಲದ ಮೇಲೆ ಮನೆ ಎಲ್ಲಿಂದ ಬರಬೇಕು? 1974ರ ಭೂಸುಧಾರಣೆ ಉಳುವವನನ್ನು ಹೊಲದ ಒಡೆಯನನ್ನಾಗಿ ಮಾಡಿತು. ವಾಸಿಸುವವನನ್ನು ಮನೆಯ ನೆಲದ ಒಡೆಯನನ್ನಾಗಿ ಮಾಡಲು ಅದೇ ಕಾಯ್ದೆಗೆ 38-ಎ ಎಂಬ ಕಲಮು ಸೇರುವ ಹೊತ್ತಿಗೆ ನಾಲ್ಕು ದಶಕಗಳೇ ಕಳೆದಿದ್ದವು. 2023ರ ಜನವರಿಯಲ್ಲಿ ಮಳಖೇಡದಲ್ಲಿ, ಅಂದರೆ ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಊರಿನಲ್ಲಿ, ಕಲಬುರಗಿ, ಯಾದಗಿರಿ, ರಾಯಚೂರು, ಬೀದರ, ವಿಜಯಪುರ ಜಿಲ್ಲೆಗಳ ಸುಮಾರು 50 ಸಾವಿರ ತಾಂಡಾ ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟರು. 2025ರ ಮೇ ತಿಂಗಳಲ್ಲಿ ಹೊಸಪೇಟೆಯಲ್ಲಿ ಲಕ್ಷಕ್ಕೂ ಹೆಚ್ಚು ಹಕ್ಕುಪತ್ರ ಹಂಚಿದರು. ಒಂದು ಪಕ್ಷದ ಸರ್ಕಾರ ಒಮ್ಮೆ, ಅದರ ಎದುರಾಳಿ ಪಕ್ಷದ ಸರ್ಕಾರ ಇನ್ನೊಮ್ಮೆ. ವೇದಿಕೆಯ ಮೇಲೆ ಯಾರ ಫೋಟೋ ದೊಡ್ಡದಿತ್ತು ಎಂಬುದು ನನಗೆ ಮುಖ್ಯವಲ್ಲ. ಈ ಕೆಲಸಕ್ಕೆ ಒಂದು ಚೀಲ ಸಿಮೆಂಟು ಸಹ ಬೇಕಾಗಲಿಲ್ಲ ಎಂಬುದನ್ನು ಗಮನಿಸಿ. ಸರ್ವೆ, ನಕಾಶೆ, ಒಂದು ಸಹಿ. ಆ ಸಹಿ ಬಿದ್ದ ದಿನದಿಂದ ಆ ಕುಟುಂಬ ಮನೆ ಸಹಾಯಧನಕ್ಕೆ, ಬ್ಯಾಂಕಿನ ಸಾಲಕ್ಕೆ ಅರ್ಜಿ ಹಾಕಬಹುದು. ಸರ್ಕಾರಿ ಜಾಗದಲ್ಲಿ ಕೂತವರಿಗೆ ಕಂದಾಯ ಕಾಯ್ದೆಯ 94-ಸಿ, ಪಟ್ಟಣಗಳಲ್ಲಿ 94-ಸಿಸಿ ಮಾಡುವುದೂ ಇದೇ ಕೆಲಸವನ್ನು. ವಸತಿ ಖಾತೆಗಿಂತ ಕಂದಾಯ ಖಾತೆಯೇ ಈ ರಾಜ್ಯದಲ್ಲಿ ಹೆಚ್ಚು ಮನೆ ಕೊಡಬಲ್ಲದು ಎಂದು ನಾನು ಹೇಳುವುದು ಇದಕ್ಕೇ.

ಇನ್ನು ಹೊಸ ನಿವೇಶನ. ಇಲ್ಲಿ ಊರಿನ ಪಾಲು ಬರುತ್ತದೆ, ಇಲ್ಲಿಯೇ ಊರಿನ ಬಣ್ಣವೂ ಬಯಲಾಗುತ್ತದೆ.

ಫಲಾನುಭವಿಗಳ ಆಯ್ಕೆ ಗ್ರಾಮಸಭೆಯದ್ದು. ಕಾಗದದ ಮೇಲೆ ಇದಕ್ಕಿಂತ ಚಂದದ ವ್ಯವಸ್ಥೆ ಇಲ್ಲ. ಯಾರ ಮನೆಯ ಗ್ವಾಡಿ ಬಿದ್ದಿದೆ, ಯಾವ ವಿಧವೆ ಅಣ್ಣನ ಪಡಸಾಲೆಯಲ್ಲಿ ಮಲಗುತ್ತಾಳೆ ಎಂಬುದು ಬೆಂಗಳೂರಿನ ಕಂಪ್ಯೂಟರಿಗೆ ಗೊತ್ತಿಲ್ಲ, ಊರಿಗೆ ಗೊತ್ತು. ಆದರೆ ಆಶ್ರಯ ಬಡಾವಣೆಗೆ ಜಾಗ ಗುರುತಿಸುವ ಸಭೆ ಹೇಗೆ ನಡೆಯುತ್ತದೆ ಎಂದು ಕೇಳಿ. ಪಿಡಿಒ ಎದ್ದು ನಿಂತು, ಇಂಥ ಸರ್ವೆ ನಂಬರಿನಲ್ಲಿ ಎರಡು ಎಕರೆ ಗೋಮಾಳ ಇದೆ, ಅಲ್ಲಿ ನಿವೇಶನ ಮಾಡೋಣ ಎನ್ನುತ್ತಾರೆ. ಕಟ್ಟೆಯ ಕಡೆಯಿಂದ ಹಿರಿಯರೊಬ್ಬರು ಕೇಳುತ್ತಾರೆ: ‘ಅಲ್ಲಿ ಕಾಲೊನಿ ಮಾಡಿದ್ರ ನಮ್ಮ ದನಾ ಎಲ್ಲಿ ಮೇಯಬೇಕ್ರಿ?’ ನ್ಯಾಯವಾದ ಪ್ರಶ್ನೆ. ನಿಯಮವೂ ಅವರ ಪರವಾಗಿಯೇ ಇದೆ. 100 ಜಾನುವಾರಿಗೆ 30 ಎಕರೆ ಗೋಮಾಳ ಇರಬೇಕು. ಆದರೆ ಅದೇ ಗೋಮಾಳದ ಅಂಚನ್ನು ಯಾರು ಯಾರು ಉತ್ತು ಜೋಳ ಬಿತ್ತಿದ್ದಾರೆ ಎಂಬುದು ಸಭೆಯಲ್ಲಿ ಕೂತ ಎಲ್ಲರಿಗೂ ಗೊತ್ತಿರುತ್ತದೆ. ಅದನ್ನು ಯಾರೂ ಎತ್ತುವುದಿಲ್ಲ. ದನದ ಮೇಲಿನ ಪ್ರೀತಿ ಎಷ್ಟೋ ಸಲ ಕೇರಿಯ ಜನ ಊರಿನ ಈ ದಿಕ್ಕಿಗೆ ಬರಬಾರದು ಎಂಬ ಆಸೆಗೆ ಹೊದಿಸಿದ ಶಾಲು. ಕೊನೆಗೆ ಜಾಗ ಗೊತ್ತಾಗುವುದು ಹಳ್ಳದ ಆಚೆ, ಸ್ಮಶಾನದ ಪಕ್ಕ, ಮಳೆ ಬಂದರೆ ಮೊದಲು ನೀರು ನುಗ್ಗುವ ತಗ್ಗಿನಲ್ಲಿ.

ಹೀಗಾಗಿ ‘ಎಲ್ಲವನ್ನೂ ಸಮುದಾಯಕ್ಕೆ ಬಿಡಿ’ ಎಂಬ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಯಾರಿಗೆ ಮನೆ ಬೇಕು ಎಂಬುದನ್ನು ಊರು ಹೇಳಲಿ. ಎಲ್ಲಿ ಬೇಕು ಎಂಬುದನ್ನು ಊರಿನ ಪ್ರಬಲರ ಕೈಗೆ ಬಿಡಬಾರದು. ನೆಲ ಗುರುತಿಸುವುದು ತಹಶೀಲ್ದಾರರ, ಜಿಲ್ಲಾಧಿಕಾರಿಯ ಕೆಲಸ. ಸರ್ಕಾರಿ ಜಾಗ ಇಲ್ಲದಿದ್ದರೆ ಖಾಸಗಿ ಜಮೀನು ಕೊಳ್ಳುವುದಕ್ಕೂ ಅವಕಾಶ ಇದೆ. ಕೊಳ್ಳುವುದಾದರೆ ಊರಿಗೆ ಹತ್ತಿದ ಜಮೀನನ್ನೇ, ಬೆಲೆ ಏರುವ ಮೊದಲೇ ಕೊಳ್ಳಬೇಕು. ಬೈಪಾಸ್ ಬಂದ ಮೇಲೆ, ರಸ್ತೆ ಬದಿ ಲೇಔಟಿನ ಬಾವುಟಗಳು ಹಾರಾಡತೊಡಗಿದ ಮೇಲೆ, ಪಂಚಾಯಿತಿ ಕೊಳ್ಳುವುದು ಏನಿದೆ?

ನಿವೇಶನ ಸಿಕ್ಕಿತು ಎನ್ನೋಣ. ಈಗ ಹಣ. ಬಸವ ವಸತಿಯಂಥ ಯೋಜನೆಯಲ್ಲಿ ಸಾಮಾನ್ಯ ವರ್ಗಕ್ಕೆ 1 ಲಕ್ಷ 20 ಸಾವಿರ. ಪರಿಶಿಷ್ಟರಿಗೆ ಅಂಬೇಡ್ಕರ್ ನಿವಾಸ ಯೋಜನೆಯಲ್ಲಿ ಹಳ್ಳಿಯಲ್ಲಿ 1 ಲಕ್ಷ 75 ಸಾವಿರ, ಪಟ್ಟಣದಲ್ಲಿ 2 ಲಕ್ಷ. ಹಣ ಬರುವುದು ನಾಲ್ಕು ಹಂತದಲ್ಲಿ: ತಳಪಾಯ, ಲಿಂಟಲ್, ಛಾವಣಿ, ಪೂರ್ಣ. ಪ್ರತಿ ಹಂತಕ್ಕೂ ಪಂಚಾಯಿತಿಯವರು ಬಂದು ಮೊಬೈಲಿನಲ್ಲಿ ಜಿಪಿಎಸ್ ಫೋಟೋ ತೆಗೆಯಬೇಕು. ಸುಳ್ಳು ಬಿಲ್ಲು ತಡೆಯಲು ಇದು ನಿಜಕ್ಕೂ ನೆರವಾಗಿದೆ. ಕಟ್ಟದ ಮನೆಗೆ ಹಣ ಎತ್ತುವ ಹಳೆಯ ಆಟ ಬಹುಮಟ್ಟಿಗೆ ನಿಂತಿತು.

ಆದರೆ ಈ ಕ್ರಮದಲ್ಲಿ ಮೊದಲ ಕಂತು ಬರುವುದು ತಳಪಾಯ ಮುಗಿದ ಮೇಲೆ. ತಳಪಾಯಕ್ಕೆ ದುಡ್ಡು ಎಲ್ಲಿಂದ? ನಮ್ಮ ಕಡೆಯದು ಎರೆ ಭೂಮಿ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಗರಸು ಸಿಗುವ ತನಕ ತೆಗ್ಗು ತೋಡಬೇಕು. ಕರಾವಳಿಯಲ್ಲಿ ಎರಡು ಅಡಿಗೆ ಜಂಬಿಟ್ಟಿಗೆ ಕಲ್ಲಿನ ಗಟ್ಟಿ ನೆಲ ಸಿಕ್ಕರೆ, ಇಲ್ಲಿ ಐದಾರು ಅಡಿ ಹೋದರೂ ಕರಿಮಣ್ಣು ಮುಗಿಯುವುದಿಲ್ಲ. ಸಹಾಯಧನ ಮಾತ್ರ ಅಲ್ಲಿಗೂ ಇಲ್ಲಿಗೂ ಒಂದೇ. ಫೋಟೋ ತೆಗೆಯಲು ಹೋದಾಗ ಒಬ್ಬ ತಾಯಿ ಹೇಳಿದ ಮಾತು ನನಗೆ ಇನ್ನೂ ನೆನಪಿದೆ: ‘ಸಾಹೇಬ್ರ, ಬುನಾದಿಗೇ ಬಂಗಾರ ಹೋತ್ರಿ. ಇನ್ನ ಗ್ವಾಡಿಗೆ ಏನ್ ಒತ್ತಿ ಇಡ್ಲಿ?’ ಆಕೆಯ ತಳಪಾಯ ಅಚ್ಚುಕಟ್ಟಾಗಿತ್ತು. ಮೂಲೆಯಲ್ಲಿ ಅರಿಶಿನ ಕುಂಕುಮದ ಗುರುತು ಮಾಸಿರಲಿಲ್ಲ. ಪಕ್ಕದಲ್ಲೇ ಸೋಗೆ ಹೊದಿಸಿದ ಗುಡಿಸಲಿನಲ್ಲಿ ಮೂರು ಮಕ್ಕಳು. ಆ ತಳಪಾಯದ ಮೇಲೆ ಎರಡು ಮಳೆಗಾಲ ಜಾಲಿ ಬೆಳೆಯಿತು.

ಸರ್ಕಾರಕ್ಕೆ ಮನೆಯ ನಿಜವಾದ ಖರ್ಚು ಗೊತ್ತಿಲ್ಲವೇ? ಗೊತ್ತಿದೆ. 2019ರ ನೆರೆಯಲ್ಲಿ ಪೂರ್ತಿ ಬಿದ್ದ ಮನೆಗೆ ಇದೇ ರಾಜ್ಯ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ಕೊಟ್ಟದ್ದು ಒಳ್ಳೆಯದು, ಅದು ಬೇಕಿತ್ತು. ಆದರೆ ನೀರಿಗೆ ಬಿದ್ದ ಮನೆ ಕಟ್ಟಲು 5 ಲಕ್ಷ ಬೇಕಾದರೆ, ಬಡತನದಿಂದ ಏಳಲಾರದ ಮನೆ 1 ಲಕ್ಷ 20 ಸಾವಿರದಲ್ಲಿ ಹೇಗೆ ಏಳುತ್ತದೆ? ಉಳಿದದ್ದು ಬರುವುದು ಬಂಗಾರದಿಂದ, ಎತ್ತು ಮಾರಿದ್ದರಿಂದ, ಮೀಟರ್ ಬಡ್ಡಿಯಿಂದ, ಬೆಂಗಳೂರಿಗೆ ಗುಳೆ ಹೋದ ಮಗನಿಂದ.

ಇಲ್ಲಿ ಊರಿನ ಸಂಸ್ಥೆಯೊಂದು ಮಾಡಬಹುದಾದ ಕೆಲಸವಿದೆ, ಅದನ್ನು ಹೇಳಲು ಈ ಗದಗಿಗಿಂತ ಸರಿಯಾದ ಜಾಗ ಇಲ್ಲ. ದೇಶದ ಮೊದಲ ಕೃಷಿ ಸಹಕಾರ ಸಂಘ ಹುಟ್ಟಿದ್ದು ಇಲ್ಲೇ ಪಕ್ಕದ ಕಣಗಿನಹಾಳದಲ್ಲಿ, 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ. ಇವತ್ತು ಅಂಥ ಪತ್ತಿನ ಸಂಘಗಳ ಮೂಲಕ ಹೊಲ ಇದ್ದ ರೈತನಿಗೆ 5 ಲಕ್ಷದ ತನಕ ಬಡ್ಡಿಯಿಲ್ಲದ ಬೆಳೆಸಾಲದ ವ್ಯವಸ್ಥೆ ಇದೆ. ಹೊಲ ಇಲ್ಲದವನಿಗೆ ಆ ಸಾಲದ ಬಾಗಿಲು ತೆರೆದಿಲ್ಲ. ಮಂಜೂರಾತಿ ಆದೇಶವನ್ನೇ ಜಾಮೀನಾಗಿ ಇಟ್ಟುಕೊಂಡು, ಆ ಸಂಘವೋ ಸ್ತ್ರೀಶಕ್ತಿ ಗುಂಪೋ ತಳಪಾಯದ ಮಟ್ಟಿಗೆ ಕೈಸಾಲ ಕೊಡಲಿ. ಕಂತು ಬಂದಾಗ ನೇರ ಮುರಿದುಕೊಳ್ಳಲಿ. ರಾಜ್ಯ ಸರ್ಕಾರ ಬಡ್ಡಿ ಕಟ್ಟಲಿ. ಇದು ದೊಡ್ಡ ಮೊತ್ತವಲ್ಲ, ಹೊಸ ಕಾಯ್ದೆಯೂ ಬೇಡ. ಇಪ್ಪತ್ತು ಮನೆಯವರು ಒಟ್ಟಿಗೆ ಸಿಮೆಂಟು, ಕಬ್ಬಿಣ, ಎಂ-ಸ್ಯಾಂಡ್ ಕೊಂಡರೆ ಲಾರಿ ಬಾಡಿಗೆಯೇ ಎಷ್ಟೋ ಉಳಿಯುತ್ತದೆ. ಈಗ ಒಬ್ಬೊಬ್ಬರೇ ಟ್ರ್ಯಾಕ್ಟರಿನಲ್ಲಿ ಅರ್ಧ ಟ್ರಿಪ್ಪು ಮರಳು ತರುತ್ತಾರೆ.

ಮನೆಯ ಆಕಾರದ ಬಗ್ಗೆಯೂ ಎರಡು ಮಾತು. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಿನ ಆ ಮಳೆ ಇಲ್ಲಿ ಯಾರಿಗೂ ಮರೆಯುವಂಥದ್ದಲ್ಲ. ಮಾಳಿಗೆ ಮನೆಗಳು ಮೇಲ್ಮುದ್ದೆ ನೆನೆದು ಕುಸಿದವು. ಸರ್ಕಾರ ‘ಆಸರೆ’ ಎಂಬ ಹೆಸರಿನಲ್ಲಿ ದಾನಿಗಳನ್ನು ಕರೆದು, ಊರುಗಳನ್ನೇ ಎತ್ತರದ ಜಾಗಕ್ಕೆ ಸಾಗಿಸಿ, ಸಾಲು ಸಾಲು ಮನೆ ಕಟ್ಟಿಸಿತು. ಉದ್ದೇಶ ದೊಡ್ಡದು, ವೇಗವೂ ಇತ್ತು. ಆದರೆ ಆ ಮನೆಗಳಲ್ಲಿ ಎತ್ತಿಗೆ ಜಾಗ ಇರಲಿಲ್ಲ. ನಮ್ಮ ಮಾಳಿಗೆ ಮನೆಯಲ್ಲಿ ತಲಬಾಗಿಲು ದಾಟಿದೊಡನೆ ಗ್ವಾದಲಿ, ಅಲ್ಲಿ ಎತ್ತು. ಒಂದು ಮೆಟ್ಟಿಲು ಮೇಲೆ ಪಡಸಾಲೆ. ರಾತ್ರಿ ಎತ್ತು ಕೊರಳು ಅಲ್ಲಾಡಿಸಿದರೆ ಒಡೆಯನಿಗೆ ಎಚ್ಚರ. ಹೊಸ ಮನೆಯಲ್ಲಿ ಹೊಟ್ಟು ಎಲ್ಲಿ ಹಾಕುವುದು, ಜೋಳದ ಚೀಲ ಎಲ್ಲಿ, ಎರಡನೇ ಮಗನ ಸಂಸಾರ ಎಲ್ಲಿ? ಹೊಲ ಹಳೆಯ ಊರಿನ ಪಕ್ಕ, ಮನೆ ಮೈಲಿಗಟ್ಟಲೆ ಆಚೆ. ಎಷ್ಟೋ ಕಡೆ ಜನ ಹಳೆಯ ಊರಲ್ಲೇ ಉಳಿದರು, ಆಸರೆ ಮನೆಗೆ ಕಣಿಕೆ ಹೊಟ್ಟು ತುಂಬಿದರು. 2019ರಲ್ಲಿ ಹಣವನ್ನೇ ಮನೆಯೊಡೆಯನ ಖಾತೆಗೆ ಹಾಕುವ ಕ್ರಮ ಬಂದದ್ದು ಎಷ್ಟೋ ವಾಸಿ. ಅಲ್ಲೂ ಹಾನಿಯನ್ನು ‘ಎ’ ‘ಬಿ’ ‘ಸಿ’ ಎಂದು ವಿಂಗಡಿಸುವಾಗ ಬೇಕಾದಷ್ಟು ಜಗಳವಾಯಿತು, ಅದು ಬೇರೆ ಮಾತು.

ಅಗ್ಗದ ತಂತ್ರಜ್ಞಾನದ ಬಗ್ಗೆ ಕೇಳುವವರಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ‘ಅಸ್ತ್ರ’ ಎಂಬ ಕೇಂದ್ರ ಕಟ್ಟಿದರು. ಅಲ್ಲಿ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಮಣ್ಣಿಗೆ ತುಸು ಸಿಮೆಂಟು ಬೆರೆಸಿ, ಸುಡದೆ, ಕೈಯಂತ್ರದಲ್ಲಿ ಒತ್ತಿ ಇಟ್ಟಿಗೆ ಮಾಡುವ ವಿಧಾನ ರೂಪಿಸಿದರು. ಆ ಯಂತ್ರಕ್ಕೆ ‘ಮರ್ದಿನಿ’ ಎಂಬ ಸೊಗಸಾದ ಹೆಸರು. ಜಿಲ್ಲೆ ಜಿಲ್ಲೆಗೆ ನಿರ್ಮಿತಿ ಕೇಂದ್ರಗಳನ್ನು ತೆರೆದದ್ದೂ ಇಂಥ ವಿಧಾನಗಳನ್ನು ಹರಡಲೆಂದೇ. ಈಗ ಅವು ಬಹುತೇಕ ಸರ್ಕಾರಿ ಕಟ್ಟಡಗಳ ಗುತ್ತಿಗೆ ಸಂಸ್ಥೆಗಳಂತೆ ನಡೆಯುತ್ತಿವೆ. ಇಂಜಿನಿಯರುಗಳು ಮಣ್ಣಿನಿಟ್ಟಿಗೆಯ ಬಗ್ಗೆ ಉತ್ಸಾಹದಿಂದ ಭಾಷಣ ಮಾಡಿ, ತಾವು ಆರ್‌ಸಿಸಿ ಮನೆಗೆ ಹೋಗಿ ಮಲಗುತ್ತಾರೆ. ಬಡವರಿಗೆ ಇದು ಕಾಣುತ್ತದೆ. ಆರ್‌ಸಿಸಿ ಇದ್ದರೆ ಮಗನಿಗೆ ಹೆಣ್ಣು ಕೊಡುತ್ತಾರೆ ಎಂದು ಅವರು ಹೇಳಿದರೆ ಅದನ್ನು ಅಜ್ಞಾನ ಎನ್ನಬೇಡಿ. ಊರಿನ ಶಾಲೆ, ಪಂಚಾಯಿತಿ ಕಚೇರಿ, ತಹಶೀಲ್ದಾರರ ವಸತಿಗೃಹ ಮೊದಲು ಮರ್ದಿನಿ ಇಟ್ಟಿಗೆಯಲ್ಲಿ ಏಳಲಿ. ಮೇಸ್ತ್ರಿಗಳಿಗೂ ಕೈ ಪಳಗಲಿ. ಆಮೇಲೆ ಆಶ್ರಯ ಮನೆಯವರಿಗೆ ಹೇಳಿದರೆ ಕೇಳುತ್ತಾರೆ.

ಈಗ ಗಡಿ ದಾಟಿ ಸೊಲ್ಲಾಪುರಕ್ಕೆ ಹೋಗೋಣ. ಸೊಲ್ಲಾಪುರ ನಮಗೆ ಪರಸ್ಥಳವಲ್ಲ. ಸಿದ್ಧರಾಮನ ಊರು, ಕನ್ನಡ, ತೆಲುಗು, ಮರಾಠಿ ಒಂದೇ ಓಣಿಯಲ್ಲಿ ಕೇಳುವ ಊರು. ಅಲ್ಲಿ ಸಾವಿರಾರು ಹೆಂಗಸರು ಬೀಡಿ ಕಟ್ಟಿ ಬದುಕುತ್ತಾರೆ. ಬಾಡಿಗೆ ಕೋಣೆಗಳಲ್ಲಿದ್ದ ಈ ಹೆಂಗಸರನ್ನು ಮಾಜಿ ಶಾಸಕ ನರಸಯ್ಯ ಆಡಂ ಮತ್ತು ಅವರ ಕಾರ್ಮಿಕ ಸಂಘದವರು ಸಹಕಾರ ಸಂಘವಾಗಿ ಕೂಡಿಸಿದರು. ಊರ ಹೊರಗಿನ ಕುಂಭಾರಿಯ ಬಳಿ 10 ಸಾವಿರ ಮನೆ. ಒಂದು ಮನೆಗೆ 60 ಸಾವಿರ ರೂಪಾಯಿ: ಕೇಂದ್ರದಿಂದ 20, ರಾಜ್ಯದಿಂದ 20, ಆ ಹೆಣ್ಣುಮಗಳ ಕೈಯಿಂದ 20. 2006ರ ಸೆಪ್ಟೆಂಬರಿನಲ್ಲಿ ಪ್ರಧಾನಿ ಮನಮೋಹನ್ ಸಿಂಗ್ ಬಂದು ಮನೆಗಳನ್ನು ಒಪ್ಪಿಸಿದರು. ವಾರ್ಲಿ ಆದಿವಾಸಿಗಳ ಹೋರಾಟ ನಡೆಸಿದ ಗೋದಾವರಿ ಪರುಳೇಕರ್ ಅವರ ಹೆಸರು ಆ ಬಡಾವಣೆಗೆ. ಅಲ್ಲಿಗೆ ನಿಲ್ಲಲಿಲ್ಲ. ಮಗ್ಗದವರು, ಬೀಡಿಯವರು, ಚಿಂದಿ ಆಯುವವರು, ಚಾಲಕರು ಸೇರಿ ರೇನಗರ ಎಂಬ 30 ಸಾವಿರ ಮನೆಗಳ ಯೋಜನೆಗೆ ಕೈಹಾಕಿದರು. ಆವಾಸ್ ಯೋಜನೆಯ ನೆರವಿನಿಂದ 15 ಸಾವಿರ ಮನೆಗಳು 2024ರ ಜನವರಿಯಲ್ಲಿ ಪ್ರಧಾನಿ ಮೋದಿಯವರ ಕೈಯಿಂದ ಹಸ್ತಾಂತರವಾದವು. ಕೆಂಬಾವುಟದ ಸಂಘ, ಕಾಂಗ್ರೆಸ್ ಪ್ರಧಾನಿ, ಬಿಜೆಪಿ ಪ್ರಧಾನಿ. ಸಂಘ ಗಟ್ಟಿಯಾಗಿದ್ದರೆ ದೆಹಲಿಯಲ್ಲಿ ಯಾರಿದ್ದರೂ ಕೆಲಸ ನಡೆಯುತ್ತದೆ.

ಸೊಲ್ಲಾಪುರದಲ್ಲಿ ಕೈಗೂಡಿದ್ದು ಬೇರೆಡೆ ಯಾಕೆ ಕೈಗೂಡದು? ಒಂದು ಕಾರಣ ನನಗೆ ಹೊಳೆದದ್ದು ಇದು. ಬೀಡಿ ಮನೆಯಲ್ಲೇ ಕೂತು ಕಟ್ಟುವ ಕೆಲಸ. ಎಲೆ, ತಂಬಾಕು ತಂದು ಕಟ್ಟಿ ಒಪ್ಪಿಸಿದರಾಯಿತು. ಆ ಹೆಂಗಸಿಗೆ ಮನೆಯೇ ಕಾರ್ಖಾನೆ. ಆದ್ದರಿಂದ ಊರ ಹೊರಗಿನ ಅಗ್ಗದ ನೆಲ ಅವಳಿಗೆ ಅಷ್ಟು ಹೊರೆಯಾಗಲಿಲ್ಲ. ಇದೇ ಲೆಕ್ಕವನ್ನು ಬೆಂಗಳೂರಿನ ಮನೆಗೆಲಸದವಳಿಗೆ ಹಾಕಿ ನೋಡಿ. ಅವಳ ದುಡಿಮೆ ಜಯನಗರದ ನಾಲ್ಕು ಮನೆಗಳಲ್ಲಿ, ಬೆಳಗ್ಗೆ ಆರೂವರೆಗೆ. ಅವಳಿಗೆ ನಗರದ ಅಂಚಿನಲ್ಲಿ, ಬಿಎಂಟಿಸಿ ಬಸ್ಸು ಗಂಟೆಗೊಂದು ಬರುವಲ್ಲಿ, ಹತ್ತನೇ ಮಹಡಿಯ ಫ್ಲ್ಯಾಟು ಕೊಟ್ಟರೆ ಅವಳು ಕೀಲಿ ತೆಗೆದುಕೊಂಡು ಅದನ್ನು ಬಾಡಿಗೆಗೆ ಕೊಡುತ್ತಾಳೆ, ತಾನು ಹಳೆಯ ಕೊಳಗೇರಿಗೇ ಹಿಂದಿರುಗುತ್ತಾಳೆ. ಆಗ ನಾವು ‘ಮನೆ ಕೊಟ್ಟರೂ ಇವರಿಗೆ ಬುದ್ಧಿ ಬರಲಿಲ್ಲ’ ಎನ್ನುತ್ತೇವೆ. ಬುದ್ಧಿ ಅವಳಿಗೆ ಚೆನ್ನಾಗಿಯೇ ಇದೆ. ಬಸ್ಸಿನ ವೇಳೆ ನೋಡಿಯೇ ಅವಳು ಹಾಗೆ ಮಾಡಿದ್ದು.

ಸಹಕಾರ ಎಂದೊಡನೆ ಎಲ್ಲವೂ ಸರಿಹೋಗುತ್ತದೆ ಎಂದೂ ಇಲ್ಲ. ದೇಶದ ಮೊದಲ ಗೃಹ ನಿರ್ಮಾಣ ಸಹಕಾರ ಸಂಘ ಬೆಂಗಳೂರಿನದ್ದೇ, 1909ರದ್ದು. ಅದೇ ಬೆಂಗಳೂರಿನಲ್ಲಿ 1980ರ ದಶಕದಲ್ಲಿ ಇಂಥ ಸಂಘಗಳು ದಲ್ಲಾಳಿಗಳ ಕೈಗೆ ಸಿಕ್ಕವು. ನೌಕರರ ಹೆಸರಿನಲ್ಲಿ ಸರ್ಕಾರ ರೈತರ ಜಮೀನು ಸ್ವಾಧೀನ ಮಾಡಿಕೊಟ್ಟಿತು. 1995ರಲ್ಲಿ ಸುಪ್ರೀಂ ಕೋರ್ಟು ಅಂಥದೊಂದು ಸ್ವಾಧೀನವನ್ನೇ ರದ್ದು ಮಾಡಿತು. ಸೊಲ್ಲಾಪುರದ ಸಂಘಕ್ಕೂ ಇವಕ್ಕೂ ಬೈಲಾದಲ್ಲಿ ದೊಡ್ಡ ವ್ಯತ್ಯಾಸ ಇರಲಾರದು. ಒಂದರಲ್ಲಿ ಸದಸ್ಯರು ಇರುವುದಕ್ಕೆ ಮನೆ ಕೇಳಿದರು, ಇನ್ನೊಂದರಲ್ಲಿ ಮಾರುವುದಕ್ಕೆ ಸೈಟು ಕೇಳಿದರು. ಆದ್ದರಿಂದ ಸರ್ಕಾರ ರಿಯಾಯಿತಿಯಲ್ಲಿ ಕೊಟ್ಟ ನೆಲ ಸಂಘದ ಹೆಸರಿನಲ್ಲೇ ಇರಲಿ. ಸದಸ್ಯರಿಗೆ ವಾಸದ ಹಕ್ಕು, ಮಕ್ಕಳಿಗೆ ಅದರ ವಾರಸಾ ಹಕ್ಕು. ಬಿಟ್ಟು ಹೋಗುವವರು ಸಂಘಕ್ಕೇ ಹಿಂದಿರುಗಿಸಿ ತಮ್ಮ ಹಣ ಪಡೆಯಲಿ. ಹಳ್ಳಿಯ ಹಕ್ಕುಪತ್ರಕ್ಕೆ ಈ ಷರತ್ತು ನಾನು ಹೇಳುತ್ತಿಲ್ಲ. ಅಲ್ಲಿ ಒಂಟಿ ಮನೆಯವನಿಗೆ ಪೂರ್ತಿ ಒಡೆತನವೇ ಬೇಕು. ನೆಲದ ಬೆಲೆ ಚಿನ್ನದ ಜೊತೆ ಓಡುವ ಪಟ್ಟಣದ ಮಾತು ಬೇರೆ.

ಪಟ್ಟಣದಲ್ಲಿ ಸರ್ಕಾರದ ಕೈಯಲ್ಲಿ ಇನ್ನೊಂದು ಅಸ್ತ್ರ ಇದೆ: ಪರವಾನಗಿ. ಕೃಷಿ ಭೂಮಿ ಬಿನ್‌ಶೇತ್ಕಿ, ಅಂದರೆ ಕೃಷಿಯೇತರ, ಆದ ಮರುದಿನ ಅದರ ಬೆಲೆ ಎಷ್ಟು ಪಟ್ಟು ಏರುತ್ತದೆ ಎಂಬುದು ಇಲ್ಲಿ ಕೂತ ವಕೀಲರಿಗೆ ಗೊತ್ತು. ಆ ಏರಿಕೆ ಮಾಲೀಕನ ಬೆವರಿನಿಂದ ಬಂದದ್ದಲ್ಲ, ಸರ್ಕಾರದ ಒಂದು ಆದೇಶದಿಂದ ಬಂದದ್ದು. ಅದರಲ್ಲಿ ಬಡವರಿಗೆ ಒಂದು ಪಾಲು ಕೇಳಿದರೆ ತಪ್ಪೇನು? ಉದ್ಯಾನಕ್ಕೆ, ರಸ್ತೆಗೆ, ನಾಗರಿಕ ಸೌಲಭ್ಯಕ್ಕೆ ಜಾಗ ಬಿಡಿಸಿಕೊಳ್ಳುತ್ತೇವಲ್ಲ. ಮಹಾರಾಷ್ಟ್ರ 2013ರಲ್ಲಿ ದೊಡ್ಡ ನಗರಗಳಲ್ಲಿ 4,000 ಚದರ ಮೀಟರಿಗೆ ಮೀರಿದ ಜಾಗದ ಯೋಜನೆಗಳಲ್ಲಿ ಶೇ 20ರಷ್ಟನ್ನು ಕಡಿಮೆ ಆದಾಯದವರಿಗೆ ಮೀಸಲಿಡಬೇಕೆಂಬ ನಿಯಮ ತಂದಿತು. ಬಿಲ್ಡರುಗಳು ಗೊಣಗಿದರು, ಸಂದು ಹುಡುಕಿದರು. ಆದರೂ ನಿಯಮ ಇದ್ದಾಗಲಷ್ಟೇ ಸಂದು ಮುಚ್ಚುವ ಮಾತು ಬರುತ್ತದೆ. ನಾವು ಧಾರವಾಡ, ಮೈಸೂರು, ಮಂಗಳೂರು ಬೆಂಗಳೂರಾಗುವ ಮೊದಲು ಇದನ್ನು ಮಾಡಬೇಕು.

ಕೊನೆಯದಾಗಿ ಬಾಡಿಗೆ. ಐವತ್ತು ವರ್ಷದ ನಮ್ಮ ವಸತಿ ಯೋಜನೆಗಳಲ್ಲಿ ಹೆಚ್ಚುಕಡಿಮೆ ಕಾಣೆಯಾದ ವಿಷಯ ಇದು. ನಮ್ಮ ಜಿಲ್ಲೆಯಿಂದ, ಯಾದಗಿರಿ, ರಾಯಚೂರಿನಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದವರು ನೀಲಿ ತಾಡಪಾಲಿನ ಶೆಡ್ಡಿನಲ್ಲಿರುತ್ತಾರೆ. ಅವರಲ್ಲಿ ಎಷ್ಟೋ ಜನರ ಹೆಸರಿನಲ್ಲಿ ಊರಲ್ಲಿ ಆಶ್ರಯ ಮನೆ ಇದೆ. ಬೀಗ ಹಾಕಿದೆ, ಅಥವಾ ಲಿಂಟಲ್ ಮಟ್ಟದಲ್ಲಿ ನಿಂತಿದೆ. ಅದನ್ನು ಮುಗಿಸುವುದಕ್ಕೇ ಅವರು ಬೆಂಗಳೂರಿಗೆ ಬಂದದ್ದು. ಬೆಂಗಳೂರಿನಲ್ಲಿ ಅವರಿಗೆ ಸೈಟು ಬೇಡ, ಸ್ವಂತ ಫ್ಲ್ಯಾಟೂ ಬೇಡ. ವರ್ಷದಲ್ಲಿ ಎಂಟು ತಿಂಗಳ ಮಟ್ಟಿಗೆ, ಹತ್ತು ತಿಂಗಳ ಅಡ್ವಾನ್ಸ್ ಕೇಳದ, ನೀರು, ಕಕ್ಕಸು, ಮಕ್ಕಳಿಗೆ ಹತ್ತಿರದಲ್ಲಿ ಅಂಗನವಾಡಿ ಇರುವ ಒಂದು ಕೋಣೆ ಬೇಕು. ಹಳೇ ಮೈಸೂರಿನ ವಠಾರಗಳು ಒಂದು ಕಾಲಕ್ಕೆ ಗುಮಾಸ್ತರಿಗೆ ಕೊಟ್ಟದ್ದು ಅದನ್ನೇ. 2020ರ ಲಾಕ್‌ಡೌನಿನಲ್ಲಿ ಜನ ನಡೆದು ಊರಿಗೆ ಹೋದದ್ದನ್ನು ನೋಡಿದ ಮೇಲೆ, ಆ ವರ್ಷದ ಜುಲೈನಲ್ಲಿ, ಕೇಂದ್ರ ಸರ್ಕಾರಕ್ಕೆ ಬಾಡಿಗೆ ವಸತಿ ಸಂಕೀರ್ಣಗಳ ಯೋಜನೆ ಹೊಳೆಯಿತು. ಖಾಲಿ ಬಿದ್ದ ಸರ್ಕಾರಿ ಮನೆಗಳನ್ನು ಬಾಡಿಗೆಗೆ ಕೊಡುವುದೂ ಅದರಲ್ಲಿತ್ತು. ಆಲೋಚನೆ ಸರಿಯಾದದ್ದು, ನಡಿಗೆ ಬಲು ನಿಧಾನ.

ನನಗೆ ಇದಕ್ಕಿಂತ ಸಣ್ಣ ದಾರಿಯೊಂದು ಕಾಣುತ್ತದೆ. ನಮ್ಮ ಯಾವ ಪಟ್ಟಣಕ್ಕೆ ಹೋದರೂ ಬಸ್‌ಸ್ಟ್ಯಾಂಡಿನ ಹತ್ತಿರ ನಗರಸಭೆಯ, ಎಪಿಎಂಸಿಯ ವಾಣಿಜ್ಯ ಮಳಿಗೆಗಳಿರುತ್ತವೆ. ಕೆಳಗಿನ ಅಂಗಡಿಗಳು ಹರಾಜಾಗಿರುತ್ತವೆ. ಮೇಲಿನ ಮಹಡಿಗೆ ಗಿರಾಕಿ ಹತ್ತುವುದಿಲ್ಲವಾದ್ದರಿಂದ ಎಷ್ಟೋ ಕಡೆ ಷಟರ್ ತುಕ್ಕು ಹಿಡಿದಿರುತ್ತದೆ. ಮೇಲಿನದನ್ನು ಕೋಣೆಗಳನ್ನಾಗಿ ಮಾಡಿ ಹಮಾಲರಿಗೆ, ಹೋಟೆಲ್ ಮಾಣಿಗಳಿಗೆ, ಪೌರಕಾರ್ಮಿಕರಿಗೆ, ಆಸ್ಪತ್ರೆಯ ದಾದಿಯರಿಗೆ ತಿಂಗಳ ಬಾಡಿಗೆಗೆ ಕೊಡಬಹುದು. ಬಾಡಿಗೆ ನಗರಸಭೆಗೇ ಬರುತ್ತದೆ, ಉಸ್ತುವಾರಿಯನ್ನು ಅಲ್ಲಿರುವವರದೇ ಒಂದು ಸಂಘಕ್ಕೆ ವಹಿಸಬಹುದು. ವಾಣಿಜ್ಯ ಕಟ್ಟಡದಲ್ಲಿ ವಾಸ ಮಾಡುವಂತಿಲ್ಲ ಎಂದು ನಕಾಶೆಯವರು ಹೇಳುತ್ತಾರೆ. ಆ ನಿಯಮ ತಿದ್ದುವ ಅಧಿಕಾರ ರಾಜ್ಯ ಸರ್ಕಾರದ್ದು. ಗಾಳಿ ಬೆಳಕಿಗೆ ಗೋಡೆ ಒಡೆಯಬೇಕಾದೀತು, ಶೌಚಾಲಯ ಹೆಚ್ಚಿಸಬೇಕಾದೀತು, ಬೆಂಕಿ ಬಿದ್ದರೆ ಇಳಿಯಲು ಎರಡನೇ ಮೆಟ್ಟಿಲು ಬೇಕು. ಈ ಖರ್ಚನ್ನು ಲೆಕ್ಕ ಹಾಕಿ ಒಂದು ಅಂದಾಜು ಪಟ್ಟಿ ಮಾಡಲು ಇಲ್ಲಿ ನನ್ನ ಹಾಗೆ ನಿವೃತ್ತರಾದ ಇಂಜಿನಿಯರುಗಳು ಮೂರ್ನಾಲ್ಕು ಜನ ಕೂತಿದ್ದಾರೆ. ಸಭೆ ಮುಗಿದ ಮೇಲೆ ಅವರು ಸಿಗಲಿ, ಮೊದಲು ನಮ್ಮ ಊರಿನ ಮಳಿಗೆಯನ್ನೇ ಅಳೆಯೋಣ.